ಸೀನಿಯರ್ ಪಟ್ಟಿಯಲ್ಲಿ ಮೂರು, ನನ್ನ ಪಟ್ಟಿಯಲ್ಲಿ ಒಂದೇ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇದ್ದವು. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಿ ಒಂದು ಪ್ರಾಜೆಕ್ಟ್‌ಗೆ ಯಾವ ಯಾವ ಎನ್ವಿರಾನ್‌ಮೆಂಟ್ ಟೈಪ್‌ಗಳಿವೆ ಅಂತ ಟರ್ಮಿನಲ್‌ನಿಂದಲೇ ನೋಡುವುದು ಹೇಗೆ, ಬಂದ ಪಟ್ಟಿಯನ್ನು ಓದುವುದು ಹೇಗೆ. ಎನ್ವಿರಾನ್‌ಮೆಂಟ್ ಅಂದರೆ ನೀವು ಬರೆದ ಅಪ್ಲಿಕೇಶನ್ ಓಡುವ ಜಾಗ. ಅದು ಬರೆಯುವ ಹಂತದ್ದಾ (ಡೆವ್), ಪರೀಕ್ಷೆಯದ್ದಾ (ಟೆಸ್ಟ್), ನಿಜವಾದ ಬಳಕೆಯದ್ದಾ (ಪ್ರಾಡ್) ಅನ್ನುವುದೇ ಅದರ ಟೈಪ್. ಹಾಗಾಗಿ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಓದುವ ಮೊದಲು ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ, ಬಾಯಲ್ಲಿ ಹೇಳುವ ಹಾಗೆ ಅಚ್ಚು ಹಾಕಿದ್ದೇವೆ. ನೀವು ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಇರಲಿ. ‘ಅಝ್’ ಅಂದರೆ ಎ ಮತ್ತು ಝಡ್, ಎರಡೇ ಅಕ್ಷರ. ಅಡ್ಡಗೆರೆಗಳ ಬಗ್ಗೆ ಎಚ್ಚರ ಇರಲಿ: ಕಮಾಂಡ್‌ನಲ್ಲಿ ಬರುವ ‘ಡೆವ್‌ಸೆಂಟರ್’ ಒಂದೇ ಪದ, ನಡುವೆ ಏನೂ ಇಲ್ಲ. ಆಪ್ಷನ್ ಆಗಿ ಬರುವಾಗ ಮಾತ್ರ ‘--ಡೆವ್-ಸೆಂಟರ್-ನೇಮ್’, ಅಲ್ಲಿ ನಡುವೆ ಅಡ್ಡಗೆರೆ ಬೇಕು. ಈ ಒಂದು ವ್ಯತ್ಯಾಸದಿಂದಲೇ ಎಷ್ಟೋ ಜನರಿಗೆ ಎರರ್ ಬರುತ್ತಿದೆ.

ಪ್ರಶ್ನೆ: ಸರ್, ನಮಸ್ಕಾರ. ನಾನು ಈ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು. ನಮ್ಮ ಟೀಮ್ ಅಜೂರ್ ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್ಸ್ ಬಳಸುತ್ತದೆ. ‘ಟೆಸ್ಟ್’ ಟೈಪ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್ ಮಾಡು ಅಂತ ಸೀನಿಯರ್ ಹೇಳಿದರು. ಅವರು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಡೆವ್, ಟೆಸ್ಟ್, ಪ್ರಾಡ್ ಮೂರೂ ಇವೆ. ನಾನು ಕಮಾಂಡ್ ಕೊಟ್ಟರೆ ಡೆವ್ ಒಂದೇ ಬರುತ್ತದೆ. ಅವರ ಕಮಾಂಡ್ ನಡುವೆ ‘ಅಡ್ಮಿನ್’ ಅಂತಿದೆ, ನನ್ನದರಲ್ಲಿ ‘ಡೆವ್’ ಅಂತಿದೆ. ಅವರದ್ದನ್ನೇ ಕಾಪಿ ಮಾಡಿ ಕೊಟ್ಟರೆ ನನಗೆ ಅನುಮತಿ ಇಲ್ಲ ಅನ್ನುತ್ತದೆ. ಮತ್ತೆ ಹೋಗಿ ಕೇಳಲು ಸಂಕೋಚ. ತಪ್ಪು ನನ್ನ ಕಡೆಯದಾ?
(ಓದುಗರು, ಹುಬ್ಬಳ್ಳಿ)

ಉತ್ತರ: ತಪ್ಪು ನಿಮ್ಮದಲ್ಲ, ನಿಮ್ಮ ಸೀನಿಯರ್‌ದೂ ಅಲ್ಲ. ನೀವಿಬ್ಬರೂ ಎರಡು ಬೇರೆ ಬೇರೆ ಪಟ್ಟಿ ನೋಡುತ್ತಿದ್ದೀರಿ. ಸುಳಿವು ನಿಮ್ಮ ಪತ್ರದಲ್ಲೇ ಇದೆ, ಆ ‘ಅಡ್ಮಿನ್’ ಮತ್ತು ‘ಡೆವ್’ ಅನ್ನುವ ಪದಗಳಲ್ಲಿ.

ಮೊದಲು ಯಾವುದರ ಕೆಳಗೆ ಯಾವುದಿದೆ ಅಂತ ತಿಳಿದುಕೊಳ್ಳಿ. ಅದು ಗೊತ್ತಾದರೆ ಕಮಾಂಡ್‌ಗಳನ್ನು ಬಾಯಿಪಾಠ ಮಾಡುವ ಕೆಲಸ ಇರುವುದಿಲ್ಲ. ಎಲ್ಲಕ್ಕಿಂತ ಮೇಲೆ ಇರುವುದು ಡೆವ್ ಸೆಂಟರ್. ಕಂಪನಿಯಲ್ಲಿ ಕ್ಲೌಡ್ ನೋಡಿಕೊಳ್ಳುವ ತಂಡ ಅದನ್ನು ಮಾಡಿಟ್ಟಿರುತ್ತದೆ. ಅದರ ಕೆಳಗೆ ಪ್ರಾಜೆಕ್ಟ್‌ಗಳು, ಸಾಮಾನ್ಯವಾಗಿ ಒಂದೊಂದು ಟೀಮ್‌ಗೆ ಒಂದೊಂದು. ಎನ್ವಿರಾನ್‌ಮೆಂಟ್ ಟೈಪ್ ಅನ್ನುವುದು ಈ ಎರಡೂ ಕಡೆ ಇರುತ್ತದೆ, ಗೊಂದಲ ಹುಟ್ಟುವುದೇ ಇಲ್ಲಿ. ಡೆವ್ ಸೆಂಟರ್ ಮಟ್ಟದಲ್ಲಿ ಟೈಪ್ ಅಂದರೆ ಒಂದು ಹೆಸರು, ಬೇಕಿದ್ದರೆ ಜೊತೆಗೆ ಕೆಲವು ಟ್ಯಾಗ್, ಅಷ್ಟೇ. ಅದನ್ನು ಎಲ್ಲಿ ಡಿಪ್ಲಾಯ್ ಮಾಡಬೇಕು (ಅಂದರೆ ಕ್ಲೌಡ್‌ನಲ್ಲಿ ನಿಲ್ಲಿಸಿ ಓಡಿಸಬೇಕು), ಯಾರಿಗೆ ಎಷ್ಟು ಅಧಿಕಾರ, ಇದ್ಯಾವುದೂ ಅಲ್ಲಿ ತೀರ್ಮಾನ ಆಗಿರುವುದಿಲ್ಲ.

ತೀರ್ಮಾನ ಆಗುವುದು ಪ್ರಾಜೆಕ್ಟ್ ಮಟ್ಟದಲ್ಲಿ. ಅಡ್ಮಿನ್ ಒಂದು ಪ್ರಾಜೆಕ್ಟ್ ಒಳಗೆ ಹೋಗಿ, ಮೇಲಿನ ಹೆಸರುಗಳಲ್ಲಿ ಈ ಟೀಮ್‌ಗೆ ಬೇಕಾದದ್ದನ್ನು ಆರಿಸಿ ಸೇರಿಸುತ್ತಾರೆ, ಹಾಗೆ ಸೇರಿಸುವಾಗಲೇ ಆ ಟೈಪ್‌ನ ಎನ್ವಿರಾನ್‌ಮೆಂಟ್‌ಗಳು ಯಾವ ಸಬ್‌ಸ್ಕ್ರಿಪ್ಷನ್‌ಗೆ (ಬಿಲ್ ಬೀಳುವ ಅಜೂರ್ ಖಾತೆಗೆ) ಹೋಗಬೇಕು, ಯಾವ ಮ್ಯಾನೇಜ್ಡ್ ಐಡೆಂಟಿಟಿಯ (ಮನುಷ್ಯರದ್ದಲ್ಲದ, ಅಜೂರ್ ತಾನೇ ನೋಡಿಕೊಳ್ಳುವ ಖಾತೆಯ) ಹೆಸರಲ್ಲಿ ಡಿಪ್ಲಾಯ್ ಆಗಬೇಕು, ಮಾಡಿದವರಿಗೆ ಅದರ ಮೇಲೆ ಯಾವ ರೋಲ್ (ಎಷ್ಟು ಅಧಿಕಾರ) ಸಿಗಬೇಕು, ಟೀಮ್‌ನ ಉಳಿದವರಿಗೆ ಯಾವ ರೋಲ್ ಅನ್ನುವುದನ್ನೆಲ್ಲ ತುಂಬುತ್ತಾರೆ. ಅಂದರೆ ಒಂದೇ ‘ಟೆಸ್ಟ್’ ಹೆಸರು ಎರಡು ಪ್ರಾಜೆಕ್ಟ್‌ಗಳಲ್ಲಿ ಇದ್ದರೂ ಅವು ಎರಡು ಬೇರೆ ಸಬ್‌ಸ್ಕ್ರಿಪ್ಷನ್‌ಗೆ ಹೋಗಬಹುದು. ಬಿಲ್ ಕೂಡ ಬೇರೆ ಕಡೆ ಬೀಳುತ್ತದೆ.

ಈಗ ನಿಮ್ಮ ವಿಷಯ. ನಿಮ್ಮ ಸೀನಿಯರ್ ನೋಡಿದ್ದು ಡೆವ್ ಸೆಂಟರ್‌ನಲ್ಲಿ ಏನೇನು ಹೆಸರುಗಳಿವೆ ಅನ್ನುವುದನ್ನು. ಅದು ಅಡ್ಮಿನ್‌ಗಳ ಕಮಾಂಡ್, ಹಾಗಾಗಿಯೇ ನಿಮಗೆ ಅನುಮತಿ ಸಿಗಲಿಲ್ಲ. ನೀವು ನೋಡಿದ್ದು ನಿಮ್ಮ ಪ್ರಾಜೆಕ್ಟ್‌ನಲ್ಲಿ ಯಾವುದು ಸೇರಿದೆ ಅನ್ನುವುದನ್ನು. ‘ಟೆಸ್ಟ್’ ಹೆಸರು ಮೇಲೆ ಇದೆ, ನಿಮ್ಮ ಪ್ರಾಜೆಕ್ಟ್‌ಗೆ ಯಾರೂ ಸೇರಿಸಿಲ್ಲ. ನಿಮ್ಮ ಕೆಲಸಕ್ಕೆ ಬೇಕಾದ ಪಟ್ಟಿ ನಿಮ್ಮದೇ. ಡೆವಲಪರ್ ಆದವರು ಯಾವಾಗಲೂ ಡೆವ್ ಕಡೆಯ ಪಟ್ಟಿಯನ್ನೇ ನಂಬಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಎನ್ವಿರಾನ್‌ಮೆಂಟ್ ಮಾಡುವಾಗ ಲೆಕ್ಕಕ್ಕೆ ಬರುವುದು ಅದೊಂದೇ.

ಕಮಾಂಡ್ ಇದು, ಒಮ್ಮೆ ಹೋಲಿಸಿ ನೋಡಿಕೊಳ್ಳಿ:

ಅಝ್ ಡೆವ್‌ಸೆಂಟರ್ ಡೆವ್ ಎನ್ವಿರಾನ್‌ಮೆಂಟ್-ಟೈಪ್ ಲಿಸ್ಟ್ --ಡೆವ್-ಸೆಂಟರ್-ನೇಮ್ "ಸೆಂಟರ್ ಹೆಸರು" --ಪ್ರಾಜೆಕ್ಟ್-ನೇಮ್ "ಪ್ರಾಜೆಕ್ಟ್ ಹೆಸರು" --ಔಟ್‌ಪುಟ್ ಟೇಬಲ್

ಕೊನೆಯ ‘--ಔಟ್‌ಪುಟ್ ಟೇಬಲ್’ ಇಲ್ಲದಿದ್ದರೆ ಜೇಸನ್ ರೂಪದಲ್ಲಿ (ಹೆಸರು ಮತ್ತು ಅದರ ಮೌಲ್ಯ ಜೋಡಿ ಜೋಡಿಯಾಗಿ) ಬರುತ್ತದೆ, ಅದು ತಪ್ಪಲ್ಲ, ಕಣ್ಣಿಗೆ ಕಷ್ಟ ಅಷ್ಟೇ. ಪ್ರಾಜೆಕ್ಟ್ ಹೆಸರೇ ಸರಿಯಾಗಿ ಗೊತ್ತಿಲ್ಲದಿದ್ದರೆ ಮೊದಲು ‘ಅಝ್ ಡೆವ್‌ಸೆಂಟರ್ ಡೆವ್ ಪ್ರಾಜೆಕ್ಟ್ ಲಿಸ್ಟ್’ ಕೊಟ್ಟು, ಅದರ ಮುಂದೆ ಡೆವ್ ಸೆಂಟರ್ ಹೆಸರು ಹಾಕಿ. ನಿಮಗೆ ಪ್ರವೇಶ ಇರುವ ಪ್ರಾಜೆಕ್ಟ್‌ಗಳು ಅಲ್ಲಿ ಕಾಣಿಸುತ್ತವೆ. ನಿಮ್ಮ ಸೀನಿಯರ್ ಬೇರೊಂದು ಪ್ರಾಜೆಕ್ಟ್‌ನಲ್ಲೂ ಇದ್ದು, ಅವರ ಮನಸ್ಸಿನಲ್ಲಿ ಆ ಪ್ರಾಜೆಕ್ಟ್ ಇರಬಹುದು. ಅದನ್ನೂ ಒಮ್ಮೆ ಕೇಳಿಕೊಳ್ಳಿ.

ಜೇಸನ್‌ನಲ್ಲಿ ಮೂರು ವಿಷಯ ನೋಡಿ. ಹೆಸರು, ಸ್ಟೇಟಸ್, ಮತ್ತು ಡಿಪ್ಲಾಯ್‌ಮೆಂಟ್ ಟಾರ್ಗೆಟ್ ಐಡಿ. ಸ್ಟೇಟಸ್ ‘ಎನೇಬಲ್ಡ್’ ಇದ್ದರೆ ಮಾತ್ರ ಹೊಸ ಎನ್ವಿರಾನ್‌ಮೆಂಟ್ ಮಾಡಬಹುದು. ಪಟ್ಟಿಯಲ್ಲಿ ಹೆಸರಿದೆ ಅಂತ ಖುಷಿಪಟ್ಟು ಸ್ಟೇಟಸ್ ನೋಡದೆ ಮುಂದೆ ಹೋಗುವವರು ಜಾಸ್ತಿ. ಟಾರ್ಗೆಟ್ ಐಡಿ ಅನ್ನುವುದು ಯಾವ ಸಬ್‌ಸ್ಕ್ರಿಪ್ಷನ್‌ಗೆ ಹೋಗುತ್ತದೆ ಅಂತ ಹೇಳುವ ಉದ್ದನೆಯ ಸಾಲು. ಪ್ರಾಡ್ ಸಬ್‌ಸ್ಕ್ರಿಪ್ಷನ್ ಯಾವುದು ಅಂತ ನಿಮಗೆ ಗೊತ್ತಿದ್ದರೆ, ಈ ಸಾಲನ್ನು ನೋಡಿಯೇ ಎಷ್ಟೋ ಅನಾಹುತ ತಪ್ಪಿಸಬಹುದು.

ಅಡ್ಮಿನ್‌ಗೆ ಬರೆಯುವಾಗ ‘ಟೆಸ್ಟ್ ಬರ್ತಿಲ್ಲ’ ಅಂತ ಬರೆದು ಬಿಡಬೇಡಿ. ಡೆವ್ ಸೆಂಟರ್ ಹೆಸರು, ಪ್ರಾಜೆಕ್ಟ್ ಹೆಸರು, ನೀವು ಕೊಟ್ಟ ಕಮಾಂಡ್, ಬಂದ ಔಟ್‌ಪುಟ್ ಇಷ್ಟನ್ನೂ ಹಾಕಿ, ‘ಟೆಸ್ಟ್ ಟೈಪ್ ಡೆವ್ ಸೆಂಟರ್‌ನಲ್ಲಿ ಇದೆ, ಈ ಪ್ರಾಜೆಕ್ಟ್‌ಗೆ ಸೇರಿಸಿಕೊಡಿ’ ಅಂತ ಕೇಳಿ. ಸಂಕೋಚ ಪಡುವ ಪ್ರಶ್ನೆಯೇ ಅಲ್ಲ ಇದು. ಹೀಗೆ ಬರೆದರೆ ಕೇಳಿದವರು ವಿಷಯ ತಿಳಿದುಕೊಂಡೇ ಕೇಳಿದ್ದಾರೆ ಅಂತ ಅವರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಕ್ಲೌಡ್ ಅಡ್ಮಿನ್. ‘ಸ್ಟೇಜಿಂಗ್’ ಅಂತ ಹೊಸ ಟೈಪ್ ಮಾಡಿದೆ. ಒಂದು ಟೀಮ್‌ಗೆ ಅದು ಕಾಣಿಸುವುದೇ ಇಲ್ಲ, ಇನ್ನೊಂದು ಟೀಮ್‌ಗೆ ಕಾಣಿಸುತ್ತದೆ, ಆದರೆ ಡಿಪ್ಲಾಯ್ ಫೇಲ್ ಆಗುತ್ತದೆ. ಪಟ್ಟಿ ತೋರಿಸುವ ಅಡ್ಮಿನ್ ಕಮಾಂಡ್‌ಗಳೇ ಮೂರು ಇವೆಯಲ್ಲ, ಯಾವುದನ್ನು ಯಾವಾಗ ನೋಡಬೇಕು?
(ಓದುಗರು, ಮಂಗಳೂರು)

ಉತ್ತರ: ಮೂರನ್ನೂ ಇದೇ ಕ್ರಮದಲ್ಲಿ ನೋಡಿ, ಮೇಲಿನಿಂದ ಕೆಳಕ್ಕೆ. ಎಲ್ಲಿ ಹೆಸರು ತಪ್ಪಿಹೋಗಿದೆಯೋ ಅಲ್ಲೇ ರಿಪೇರಿ.

ಅಝ್ ಡೆವ್‌ಸೆಂಟರ್ ಅಡ್ಮಿನ್ ಎನ್ವಿರಾನ್‌ಮೆಂಟ್-ಟೈಪ್ ಲಿಸ್ಟ್ --ಡೆವ್-ಸೆಂಟರ್-ನೇಮ್ "ಸೆಂಟರ್ ಹೆಸರು" --ರಿಸೋರ್ಸ್-ಗ್ರೂಪ್ "ಗ್ರೂಪ್ ಹೆಸರು"

ಇದು ಡೆವ್ ಸೆಂಟರ್‌ನ ಪಟ್ಟಿ. (ರಿಸೋರ್ಸ್ ಗ್ರೂಪ್ ಅಂದರೆ ಸಬ್‌ಸ್ಕ್ರಿಪ್ಷನ್ ಒಳಗೆ ಸಂಬಂಧಪಟ್ಟದ್ದನ್ನೆಲ್ಲ ಒಟ್ಟಿಗೆ ಇಡುವ ಗುಂಪು.) ಸ್ಟೇಜಿಂಗ್ ಇಲ್ಲಿ ಇಲ್ಲದಿದ್ದರೆ ಮುಂದೆ ನೋಡುವುದೇ ಬೇಡ.

ಅಝ್ ಡೆವ್‌ಸೆಂಟರ್ ಅಡ್ಮಿನ್ ಪ್ರಾಜೆಕ್ಟ್-ಅಲೌಡ್-ಎನ್ವಿರಾನ್‌ಮೆಂಟ್-ಟೈಪ್ ಲಿಸ್ಟ್ --ಪ್ರಾಜೆಕ್ಟ್-ನೇಮ್ "ಪ್ರಾಜೆಕ್ಟ್ ಹೆಸರು" --ರಿಸೋರ್ಸ್-ಗ್ರೂಪ್ "ಗ್ರೂಪ್ ಹೆಸರು"

ಇದು, ಈ ಪ್ರಾಜೆಕ್ಟ್‌ಗೆ ಸೇರಿಸಲು ಸಾಧ್ಯವಿರುವ ಟೈಪ್‌ಗಳ ಪಟ್ಟಿ. ಸೇರಿಸಿದ್ದು ಅಂತ ಅರ್ಥ ಅಲ್ಲ, ಸೇರಿಸಬಹುದು ಅಂತ ಅರ್ಥ. ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ: ನೀವು ಸ್ಟೇಜಿಂಗ್ ಮಾಡಿದ್ದು ಒಂದು ಡೆವ್ ಸೆಂಟರ್‌ನಲ್ಲಿ, ಆ ಟೀಮ್‌ನ ಪ್ರಾಜೆಕ್ಟ್ ಇರುವುದು ಬೇರೆ ಡೆವ್ ಸೆಂಟರ್ ಕೆಳಗೆ ಆಗಿದ್ದರೆ, ಹೆಸರು ಇಲ್ಲಿಗೆ ಬರುವುದೇ ಇಲ್ಲ.

ಅಝ್ ಡೆವ್‌ಸೆಂಟರ್ ಅಡ್ಮಿನ್ ಪ್ರಾಜೆಕ್ಟ್-ಎನ್ವಿರಾನ್‌ಮೆಂಟ್-ಟೈಪ್ ಲಿಸ್ಟ್ --ಪ್ರಾಜೆಕ್ಟ್-ನೇಮ್ "ಪ್ರಾಜೆಕ್ಟ್ ಹೆಸರು" --ರಿಸೋರ್ಸ್-ಗ್ರೂಪ್ "ಗ್ರೂಪ್ ಹೆಸರು"

ಇದು ನಿಜವಾಗಿ ಸೇರಿರುವ ಟೈಪ್‌ಗಳು. ನಿಮ್ಮ ಮೊದಲ ಟೀಮ್‌ನಲ್ಲಿ ಎರಡನೇ ಪಟ್ಟಿಯಲ್ಲಿ ಸ್ಟೇಜಿಂಗ್ ಇದ್ದು, ಈ ಮೂರನೆಯದರಲ್ಲಿ ಇಲ್ಲದಿದ್ದರೆ, ಪ್ರಾಜೆಕ್ಟ್‌ಗೆ ಸೇರಿಸುವ ಹೆಜ್ಜೆ ಬಾಕಿ ಇದೆ ಅಂತ ಅರ್ಥ. ಮೇಲೆ ಟೈಪ್ ಮಾಡಿದ ಕೂಡಲೇ ಅದು ಎಲ್ಲ ಪ್ರಾಜೆಕ್ಟ್‌ಗೂ ತಾನಾಗಿ ಇಳಿದು ಬರುವುದಿಲ್ಲ. ಬರಬಾರದು ಕೂಡ. ಪ್ರಾಡ್ ಅಂತ ಒಂದು ಹೆಸರು ಮಾಡಿದ ತಕ್ಷಣ ಕಂಪನಿಯ ಪ್ರತಿ ಟೀಮ್‌ಗೂ ಅದರಲ್ಲಿ ಡಿಪ್ಲಾಯ್ ಮಾಡುವ ದಾರಿ ತೆರೆದರೆ ಏನಾದೀತು ಯೋಚಿಸಿ.

ಎರಡನೇ ಟೀಮ್‌ನ ಸಮಸ್ಯೆ ಬೇರೆ. ಅಲ್ಲಿ ಟೈಪ್ ಇದೆ, ಡಿಪ್ಲಾಯ್ ಆಗುತ್ತಿಲ್ಲ. ಮೂರನೇ ಕಮಾಂಡ್‌ನ ಜೇಸನ್‌ನಲ್ಲಿ ಐಡೆಂಟಿಟಿ ಅನ್ನುವ ಭಾಗ ಹುಡುಕಿ, ಅದರೊಳಗೆ ಪ್ರಿನ್ಸಿಪಲ್ ಐಡಿ ಇರುತ್ತದೆ. ಡಿಪ್ಲಾಯ್ ಮಾಡುವುದು ಡೆವಲಪರ್‌ನ ಖಾತೆ ಅಲ್ಲ, ಈ ಐಡೆಂಟಿಟಿ. ಟಾರ್ಗೆಟ್ ಸಬ್‌ಸ್ಕ್ರಿಪ್ಷನ್ ಮೇಲೆ ಅದಕ್ಕೆ ಕಾಂಟ್ರಿಬ್ಯೂಟರ್ ರೋಲ್ ಬೇಕು, ಜೊತೆಗೆ ಯೂಸರ್ ಆಕ್ಸೆಸ್ ಅಡ್ಮಿನಿಸ್ಟ್ರೇಟರ್ ರೋಲ್ ಕೂಡ ಬೇಕು. ಎರಡನೆಯದು ಯಾಕೆ ಅಂದರೆ, ಪ್ರತಿ ಎನ್ವಿರಾನ್‌ಮೆಂಟ್‌ಗೂ ಒಂದು ರಿಸೋರ್ಸ್ ಗ್ರೂಪ್ ಹುಟ್ಟುತ್ತದೆ, ಅದನ್ನು ಮಾಡಿದ ಡೆವಲಪರ್‌ಗೆ ಆ ಗ್ರೂಪ್ ಮೇಲೆ ರೋಲ್ ಕೊಡುವ ಕೆಲಸವೂ ಇದೇ ಐಡೆಂಟಿಟಿಯದ್ದು. ಬರೀ ಕಾಂಟ್ರಿಬ್ಯೂಟರ್ ಇದ್ದರೆ ಇನ್ನೊಬ್ಬರಿಗೆ ರೋಲ್ ಕೊಡಲು ಆಗುವುದಿಲ್ಲ. ಆ ಪ್ರಿನ್ಸಿಪಲ್ ಐಡಿ ಹಾಕಿ ‘ಅಝ್ ರೋಲ್ ಅಸೈನ್‌ಮೆಂಟ್ ಲಿಸ್ಟ್ --ಅಸೈನೀ’ ಕೊಟ್ಟರೆ, --ಸ್ಕೋಪ್‌ನಲ್ಲಿ ಟಾರ್ಗೆಟ್ ಸಬ್‌ಸ್ಕ್ರಿಪ್ಷನ್ ಹಾಕಿದರೆ, ಯಾವ ರೋಲ್ ಇದೆ ಯಾವುದಿಲ್ಲ ಅಂತ ಕಾಣುತ್ತದೆ. ಹೊಸ ಟೈಪ್‌ಗೆ ಹೊಸ ಸಬ್‌ಸ್ಕ್ರಿಪ್ಷನ್ ಕೊಟ್ಟಾಗ ಈ ಹೆಜ್ಜೆ ಮರೆತುಹೋಗುವುದು ತುಂಬಾ ಸಾಮಾನ್ಯ.

ಹೆಸರುಗಳ ಬಗ್ಗೆ ಒಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟೈಪ್‌ನ ಹೆಸರು ಚಿಕ್ಕದಾಗಿ, ಎಲ್ಲರಿಗೂ ಅರ್ಥವಾಗುವ ಹಾಗೆ ಇರಲಿ. ಒಮ್ಮೆ ಇಟ್ಟ ಹೆಸರನ್ನು ಆಮೇಲೆ ಬದಲಿಸಲು ಆಗುವುದಿಲ್ಲ, ಹೊಸದು ಮಾಡಿ ಹಳೆಯದನ್ನು ತೆಗೆಯಬೇಕು, ಅಷ್ಟರಲ್ಲಿ ಹತ್ತಾರು ಸ್ಕ್ರಿಪ್ಟ್‌ಗಳು ಆ ಹೆಸರಿನ ಮೇಲೆ ನಿಂತಿರುತ್ತವೆ.

ಪ್ರಶ್ನೆ: ‘ಡೆವ್‌ಸೆಂಟರ್’ ಅನ್ನುವ ಕಮಾಂಡೇ ಇಲ್ಲ, ಸ್ಪೆಲ್ಲಿಂಗ್ ತಪ್ಪಿದೆ ಅಂತ ಎರರ್ ಬರುತ್ತದೆ. ಸ್ಪೆಲ್ಲಿಂಗ್ ಎಷ್ಟು ಸಲ ನೋಡಿದರೂ ಸರಿಯಾಗಿಯೇ ಇದೆ.
(ಓದುಗರು, ತುಮಕೂರು)

ಉತ್ತರ: ಸ್ಪೆಲ್ಲಿಂಗ್ ಸರಿ ಇದೆ, ಎಕ್ಸ್‌ಟೆನ್ಷನ್ ಇಲ್ಲ. ಅಜೂರ್‌ನ ಕಮಾಂಡ್ ಲೈನ್ ಹಾಕಿಕೊಂಡಾಗ ಅದರ ಜೊತೆ ಎಲ್ಲವೂ ಬರುವುದಿಲ್ಲ, ಡೆವ್‌ಸೆಂಟರ್ ಭಾಗವನ್ನು ಬೇರೆಯಾಗಿ ಸೇರಿಸಬೇಕು: ‘ಅಝ್ ಎಕ್ಸ್‌ಟೆನ್ಷನ್ ಆಡ್ --ನೇಮ್ ಡೆವ್‌ಸೆಂಟರ್’. ಕೆಲವರಿಗೆ ಅಝ್ ತಾನೇ ಕೇಳಿ ಅದನ್ನು ಹಾಕಿಕೊಳ್ಳುತ್ತದೆ, ಕೆಲವು ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಆ ಅನುಕೂಲ ಬಂದ್ ಮಾಡಿರುತ್ತಾರೆ. ಮೊದಲೇ ಇದ್ದು ಹಳೆಯದಾಗಿದ್ದರೆ ‘ಆಡ್’ ಬದಲು ‘ಅಪ್‌ಡೇಟ್’. ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಹಾಕಲು ಬಿಡುವುದಿಲ್ಲ ಅಂದರೆ ಬ್ರೌಸರ್‌ನಲ್ಲಿ ಅಜೂರ್ ಪೋರ್ಟಲ್ ತೆರೆದು ಕ್ಲೌಡ್ ಶೆಲ್ ಬಳಸಿ, ಅಲ್ಲಿ ಅಝ್ ಸಿದ್ಧವಾಗಿ ಇರುತ್ತದೆ.

ಹಳೆಯ ಎಕ್ಸ್‌ಟೆನ್ಷನ್ ಬಗ್ಗೆ ಯಾಕೆ ಹೇಳಿದೆ ಅಂದರೆ, ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್ಸ್ ಸೇವೆ 2022ರ ಅಕ್ಟೋಬರ್‌ನಲ್ಲಿ ಪ್ರಿವ್ಯೂ (ಪ್ರಾಯೋಗಿಕ ಬಿಡುಗಡೆ) ಆಗಿ ಬಂತು, 2023ರ ಮೇ ತಿಂಗಳಲ್ಲಿ ಪೂರ್ಣವಾಗಿ ಬಳಕೆಗೆ ಬಂತು. ಆ ನಡುವೆ ಹೆಸರುಗಳು ಬದಲಾದವು. ಮೊದಲು ‘ಕ್ಯಾಟಲಾಗ್ ಐಟಂ’ ಅನ್ನುತ್ತಿದ್ದದ್ದು ಈಗ ‘ಎನ್ವಿರಾನ್‌ಮೆಂಟ್ ಡೆಫಿನಿಷನ್’, ಅಂದರೆ ಎನ್ವಿರಾನ್‌ಮೆಂಟ್ ಕಟ್ಟಲು ಬಳಸುವ ನಮೂನೆ. ನೀವು ಹುಡುಕಿ ತೆಗೆದ ಹಳೆಯ ಉದಾಹರಣೆಯಲ್ಲಿ ಕ್ಯಾಟಲಾಗ್ ಐಟಂ ಅಂತ ಆಪ್ಷನ್ ಕಂಡರೆ ಅದು ಪ್ರಿವ್ಯೂ ಕಾಲದ್ದು, ಪಕ್ಕಕ್ಕಿಡಿ. ಕಮಾಂಡ್‌ನ ಕೊನೆಗೆ ‘--ಹೆಲ್ಪ್’ ಹಾಕಿ ನೋಡುವುದೇ ಹೆಚ್ಚು ನಂಬಿಕೆಯ ದಾರಿ.

ಪ್ರಶ್ನೆ: ನಮ್ಮ ಬಿಲ್ಡ್ ಪೈಪ್‌ಲೈನ್‌ನಲ್ಲಿ, ಪ್ರತಿ ಎನೇಬಲ್ಡ್ ಟೈಪ್‌ಗೂ ಒಂದೊಂದು ಎನ್ವಿರಾನ್‌ಮೆಂಟ್ ಮಾಡಿ ಟೆಸ್ಟ್ ಓಡಿಸಬೇಕು. ಟೇಬಲ್ ಔಟ್‌ಪುಟ್ ತೆಗೆದುಕೊಂಡು ಮೊದಲ ಎರಡು ಸಾಲು ಕತ್ತರಿಸಿ ಹೆಸರು ತೆಗೆಯುತ್ತಿದ್ದೆವು. ಈಗ ಕಾಲಂ ಬದಲಾಗಿ ಎಲ್ಲ ಹಾಳಾಯಿತು. ಸರಿಯಾದ ದಾರಿ ಯಾವುದು?
(ಓದುಗರು, ಮೈಸೂರು)

ಉತ್ತರ: ಟೇಬಲ್ ಅನ್ನು ಸ್ಕ್ರಿಪ್ಟ್ ಒಳಗೆ ತರಲೇಬೇಡಿ. ಅದು ಮನುಷ್ಯರು ಓದಲು ಮಾಡಿದ್ದು. ಸ್ಕ್ರಿಪ್ಟ್‌ಗೆ ಟಿಎಸ್‌ವಿ (ಟ್ಯಾಬ್‌ನಿಂದ ಬೇರ್ಪಡಿಸಿದ ಸಾದಾ ಸಾಲುಗಳು) ಅಥವಾ ಜೇಸನ್. ಹೆಸರುಗಳಷ್ಟೇ ಸಾಕು ಅಂದರೆ, ಲಿಸ್ಟ್ ಕಮಾಂಡ್‌ನ ಕೊನೆಗೆ ಇದನ್ನು ಸೇರಿಸಿ:

--ಕ್ವೆರಿ "[?ಸ್ಟೇಟಸ್=='ಎನೇಬಲ್ಡ್'].ನೇಮ್" --ಔಟ್‌ಪುಟ್ ಟಿಎಸ್‌ವಿ

ಇಲ್ಲಿ ಮಾತ್ರ ಸಣ್ಣ ಅಕ್ಷರದ ನಿಯಮಕ್ಕೆ ಒಂದು ಅಪವಾದ ಇದೆ. ‘ಎನೇಬಲ್ಡ್’ನ ಮೊದಲ ಅಕ್ಷರ ದೊಡ್ಡದು, ಔಟ್‌ಪುಟ್‌ನಲ್ಲಿ ಹೇಗಿದೆಯೋ ಹಾಗೆ. ಕ್ವೆರಿ ಭಾಷೆ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆ ಬೇರೆ ಅಂತಲೇ ನೋಡುತ್ತದೆ. ಪೂರ್ತಿ ಸಣ್ಣಕ್ಷರದಲ್ಲಿ ಹಾಕಿದರೆ ಎರರ್ ಬರುವುದಿಲ್ಲ, ಖಾಲಿ ಪಟ್ಟಿ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಹೊರಗೆ ಜೋಡಿ ಉದ್ಧರಣ ಚಿಹ್ನೆ, ಒಳಗೆ ಒಂಟಿ ಚಿಹ್ನೆ. ಲಿನಕ್ಸ್ ಶೆಲ್‌ನಲ್ಲೂ ವಿಂಡೋಸ್‌ನ ಹಳೆ ಕಮಾಂಡ್ ಪ್ರಾಂಪ್ಟ್‌ನಲ್ಲೂ ಈ ಕ್ರಮ ನಡೆಯುತ್ತದೆ. ತಿರುಗಾಮುರುಗಾ ಹಾಕಿದರೆ ವಿಂಡೋಸ್‌ನಲ್ಲಿ ಕೆಡುತ್ತದೆ.

ಖಾಲಿ ಪಟ್ಟಿಯ ವಿಷಯ ಇನ್ನೊಮ್ಮೆ ಒತ್ತಿ ಹೇಳಬೇಕು. ಯಾವ ಟೈಪೂ ಸಿಗದಿದ್ದರೂ ಕಮಾಂಡ್ ಯಶಸ್ವಿ ಅಂತಲೇ ಮುಗಿಯುತ್ತದೆ, ಎಕ್ಸಿಟ್ ಕೋಡ್ ಸೊನ್ನೆ. ನಿಮ್ಮ ಪೈಪ್‌ಲೈನ್ ಆ ಖಾಲಿ ಪಟ್ಟಿಯ ಮೇಲೆ ಲೂಪ್ ಓಡಿಸಿ, ಒಂದೂ ಟೆಸ್ಟ್ ಮಾಡದೆ, ಹಸಿರು ಬಣ್ಣ ತೋರಿಸುತ್ತದೆ. ಎಲ್ಲರೂ ಟೆಸ್ಟ್ ಪಾಸ್ ಆಯಿತು ಅಂದುಕೊಳ್ಳುತ್ತಾರೆ. ಹಾಗಾಗಿ ಬಂದದ್ದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಅದು ಖಾಲಿ ಇದ್ದರೆ ಅಲ್ಲೇ ಪೈಪ್‌ಲೈನ್ ಫೇಲ್ ಮಾಡಿ. ಈ ನಾಲ್ಕು ಸಾಲು ಬರೆಯುವುದನ್ನು ನಾಳೆಗೆ ಬಿಡಬೇಡಿ.

ಇನ್ನೂ ಒಂದು ಯೋಚನೆ. ಎನೇಬಲ್ಡ್ ಇರುವ ಎಲ್ಲ ಟೈಪ್ ಅಂತ ಬರೆದಿದ್ದೀರಿ. ನಾಳೆ ಯಾರಾದರೂ ಆ ಪ್ರಾಜೆಕ್ಟ್‌ಗೆ ಪ್ರಾಡ್ ಸೇರಿಸಿದರೆ ನಿಮ್ಮ ಟೆಸ್ಟ್ ಅಲ್ಲೂ ಹೋಗಿ ಓಡುತ್ತದೆ, ಅಲ್ವಾ? ಯಾವ ಟೈಪ್‌ಗಳಲ್ಲಿ ಓಡಬೇಕು ಅನ್ನುವುದನ್ನು ನೀವೇ ಹೆಸರಿಸಿ ಬರೆದಿಡಿ, ಪಟ್ಟಿಯನ್ನು ಆ ಹೆಸರುಗಳು ನಿಜವಾಗಿ ಇವೆಯಾ ಅಂತ ಪರೀಕ್ಷಿಸಲು ಮಾತ್ರ ಬಳಸಿ.

ಪ್ರಶ್ನೆ: ಕಾಲೇಜಿನಲ್ಲಿ ಗೂಗಲ್ ಕ್ಲೌಡ್ ಕಲಿತೆ. ಅಲ್ಲಿನ ಪ್ರಾಜೆಕ್ಟ್ ಮತ್ತು ಈ ಪ್ರಾಜೆಕ್ಟ್ ಒಂದೇನಾ? ಅಲ್ಲಿಯೂ ಹೀಗೆ ಟೈಪ್ ಪಟ್ಟಿ ತೆಗೆಯಬಹುದಾ?
(ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಒಂದೇ ಅಲ್ಲ. ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ಅಂದರೆ ಎಲ್ಲವನ್ನೂ ಹೊತ್ತುಕೊಂಡಿರುವ ತಳಪಾಯ. ಬಿಲ್ಲಿಂಗ್ ಜೋಡಿಸುವುದು, ಎಪಿಐ ಆನ್ ಮಾಡುವುದು, ಮಷಿನ್ ಇಡುವುದು ಎಲ್ಲ ಅದರೊಳಗೇ. ಅಲ್ಲಿ ಡೆವ್, ಟೆಸ್ಟ್, ಪ್ರಾಡ್ ಬೇಕು ಅಂದರೆ ಸಾಮಾನ್ಯವಾಗಿ ಮೂರು ಬೇರೆ ಪ್ರಾಜೆಕ್ಟ್ ಮಾಡುತ್ತಾರೆ. ಅಮೆಜಾನ್ ಕಡೆ ಅದೇ ಕೆಲಸಕ್ಕೆ ಬೇರೆ ಬೇರೆ ಅಕೌಂಟ್ ಮಾಡುವ ರೂಢಿ. ಅಜೂರ್‌ನಲ್ಲಿ ಆ ತಳಪಾಯದ ಜಾಗದಲ್ಲಿ ಇರುವುದು ಸಬ್‌ಸ್ಕ್ರಿಪ್ಷನ್ ಮತ್ತು ಅದರೊಳಗಿನ ರಿಸೋರ್ಸ್ ಗ್ರೂಪ್. ನಾವು ಮಾತಾಡುತ್ತಿರುವ ಡೆವ್ ಸೆಂಟರ್ ಪ್ರಾಜೆಕ್ಟ್ ಟೀಮ್‌ಗೆ ಸಂಬಂಧಿಸಿದ್ದು, ಅದು ನಿಮ್ಮ ಮಷಿನ್‌ಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಟೈಪ್ ನೋಡಿ ಅವನ್ನು ಸರಿಯಾದ ಸಬ್‌ಸ್ಕ್ರಿಪ್ಷನ್‌ಗೆ ಕಳಿಸುತ್ತದೆ.

ಗೂಗಲ್‌ನಲ್ಲಿ ಸ್ವಲ್ಪ ಹತ್ತಿರ ಬರುವುದು ಕ್ಲೌಡ್ ವರ್ಕ್‌ಸ್ಟೇಷನ್ಸ್. ಅಲ್ಲಿ ಅಡ್ಮಿನ್ ಮಾಡಿಟ್ಟ ಕಾನ್ಫಿಗ್‌ಗಳನ್ನು ‘ಜಿಕ್ಲೌಡ್ ವರ್ಕ್‌ಸ್ಟೇಷನ್ಸ್ ಕಾನ್ಫಿಗ್ಸ್ ಲಿಸ್ಟ್’ ಅಂತ ಕೊಟ್ಟು, ಕ್ಲಸ್ಟರ್ ಮತ್ತು ರೀಜನ್ ಹೆಸರು ಹಾಕಿ ನೋಡಬಹುದು. ಆದರೆ ಅದು ಡೆವಲಪರ್ ಕೂತು ಕೋಡ್ ಬರೆಯುವ ಮಷಿನ್‌ನ ನಮೂನೆ. ಅಜೂರ್‌ನಲ್ಲಿ ಅದಕ್ಕೆ ಹೋಲುವುದು ಡೆವ್ ಬಾಕ್ಸ್, ಅದೂ ಇದೇ ಡೆವ್ ಸೆಂಟರ್ ಕೆಳಗೆ ಬರುತ್ತದೆ. ಎನ್ವಿರಾನ್‌ಮೆಂಟ್ ಟೈಪ್ ಅಂದರೆ ನೀವು ಬರೆದ ಅಪ್ಲಿಕೇಶನ್ ಓಡುವ ಜಾಗ. ಕಲಿಯುವ ಹಂತದಲ್ಲಿ ಈ ಎರಡನ್ನು ಕಲಸಿಕೊಳ್ಳದಿದ್ದರೆ ಸಾಕು.

ಪ್ರಶ್ನೆ: ನಾನು ಟೀಮ್ ಲೀಡ್. ಹೊಸಬರಿಗೆ ಈ ಕಮಾಂಡ್‌ಗಳನ್ನು ಕೊಟ್ಟರೆ ಖರ್ಚು ಬರುತ್ತದಾ ಅಂತ ನಮ್ಮ ಮ್ಯಾನೇಜರ್‌ಗೆ ಭಯ. ಹೊಸಬರಿಗೆ ಯಾವ ರೋಲ್ ಕೊಟ್ಟರೆ ಸುರಕ್ಷಿತ?
(ಓದುಗರು, ಬೆಳಗಾವಿ)

ಉತ್ತರ: ಲಿಸ್ಟ್ ಅನ್ನುವುದು ಬರೀ ಓದುವ ಕೆಲಸ. ಅದು ಏನನ್ನೂ ಹುಟ್ಟಿಸುವುದಿಲ್ಲ, ಏನನ್ನೂ ಅಳಿಸುವುದಿಲ್ಲ, ಅದಕ್ಕೆ ಬಿಲ್ ಇಲ್ಲ. ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್ಸ್ ಸೇವೆಗೂ ಪ್ರತ್ಯೇಕ ಶುಲ್ಕ ಇಲ್ಲ. ದುಡ್ಡು ಓಡುವುದು ಎನ್ವಿರಾನ್‌ಮೆಂಟ್ ಮಾಡಿದ ಮೇಲೆ, ಅದರೊಳಗೆ ಹುಟ್ಟುವ ಡೇಟಾಬೇಸ್, ಮಷಿನ್, ಸ್ಟೋರೇಜ್‌ಗೆ. ಭಯ ಪಡಬೇಕಾದದ್ದು ಮಾಡಿ ಮರೆತುಬಿಟ್ಟ ಎನ್ವಿರಾನ್‌ಮೆಂಟ್‌ಗಳ ಬಗ್ಗೆ. ಮಾಡುವಾಗಲೇ ಮುಗಿಯುವ ದಿನಾಂಕ ಹಾಕುವ ಅವಕಾಶ ಇದೆ, ಆ ದಿನ ಅದು ತಾನಾಗಿ ಅಳಿಸಿಹೋಗುತ್ತದೆ. ಹೊಸಬರಿಗೆ ಲಿಸ್ಟ್ ಕಲಿಸಿದ ದಿನವೇ ಇದನ್ನೂ ಕಲಿಸಿ.

ರೋಲ್ ವಿಷಯಕ್ಕೆ ಬಂದರೆ, ಡೆವಲಪರ್‌ಗೆ ಬೇಕಾದದ್ದು ‘ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್ಸ್ ಯೂಸರ್’. ಇದನ್ನು ಇಡೀ ಪ್ರಾಜೆಕ್ಟ್ ಮೇಲೂ ಕೊಡಬಹುದು, ಒಂದು ಟೈಪ್ ಮೇಲೆ ಮಾತ್ರವೂ ಕೊಡಬಹುದು. ಹೊಸಬರಿಗೆ ಡೆವ್ ಟೈಪ್ ಮೇಲೆ ಮಾತ್ರ ಕೊಡಿ, ಆಗ ಅವರು ಅದರಲ್ಲಿ ಮಾತ್ರ ಎನ್ವಿರಾನ್‌ಮೆಂಟ್ ಮಾಡಬಲ್ಲರು. ಬೇರೆಯವರು ಮಾಡಿದ್ದನ್ನು ನೋಡಲಷ್ಟೇ ಬೇಕಾದವರಿಗೆ ‘ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್ಸ್ ರೀಡರ್’ ಇದೆ. ಟೈಪ್ ಸೇರಿಸುವ, ತೆಗೆಯುವ ಅಧಿಕಾರ ‘ಡೆವ್‌ಸೆಂಟರ್ ಪ್ರಾಜೆಕ್ಟ್ ಅಡ್ಮಿನ್’ ರೋಲ್‌ನವರಿಗೆ, ಅದು ನಿಮಗೂ ಇನ್ನೊಬ್ಬರಿಗೂ ಇದ್ದರೆ ಸಾಕು. ಕೆಲಸ ಬೇಗ ಆಗಲಿ ಅಂತ ಸುಮ್ನೆ ಸಬ್‌ಸ್ಕ್ರಿಪ್ಷನ್ ಮೇಲೆ ಓನರ್ ಕೊಟ್ಟುಬಿಡುವ ಅಭ್ಯಾಸ ಎಷ್ಟೋ ಕಡೆ ಇದೆ. ದಯವಿಟ್ಟು ಬೇಡ. ಈ ಸೇವೆ ಇರುವುದೇ ಡೆವಲಪರ್‌ಗೆ ಸಬ್‌ಸ್ಕ್ರಿಪ್ಷನ್ ಮೇಲೆ ನೇರ ಅಧಿಕಾರ ಕೊಡದೆ ಕೆಲಸ ಮಾಡಿಸಲು.

ಪ್ರಶ್ನೆ: ನಾನು ಸರ್ವಿಸ್ ಕಂಪನಿಯಲ್ಲಿ ಇಬ್ಬರು ಕ್ಲೈಂಟ್‌ಗಳಿಗೆ ಕೆಲಸ ಮಾಡುತ್ತೇನೆ, ಇಬ್ಬರದೂ ಅಜೂರ್. ನಿನ್ನೆ ಬಂದ ಪಟ್ಟಿ ಇವತ್ತು ಬರುವುದಿಲ್ಲ, ಡೆವ್ ಸೆಂಟರೇ ಸಿಗುತ್ತಿಲ್ಲ ಅನ್ನುತ್ತದೆ. ಯಾವುದನ್ನೂ ಬದಲಿಸಿಲ್ಲ.
(ಓದುಗರು, ಬೆಂಗಳೂರು)

ಉತ್ತರ: ಮೊದಲು ‘ಅಝ್ ಅಕೌಂಟ್ ಶೋ’ ಕೊಡಿ. ಅದರಲ್ಲಿ ಟೆನೆಂಟ್ ಐಡಿ ಮತ್ತು ಸಬ್‌ಸ್ಕ್ರಿಪ್ಷನ್ ಹೆಸರು ಬರುತ್ತದೆ. ಟೆನೆಂಟ್ ಅಂದರೆ ಒಂದು ಸಂಸ್ಥೆಗೆ ಅಜೂರ್‌ನಲ್ಲಿರುವ ಅದರದೇ ಆದ ಮನೆ. ನೀವು ನಡುವೆ ಇನ್ನೊಬ್ಬ ಕ್ಲೈಂಟ್‌ನ ಕೆಲಸಕ್ಕೆ ಲಾಗಿನ್ ಆಗಿರುತ್ತೀರಿ, ಆಗ ಟರ್ಮಿನಲ್ ಅವರ ಕಡೆಗೆ ತಿರುಗಿ ನಿಂತಿರುತ್ತದೆ. ಡೆವ್ ಸೆಂಟರ್ ಒಂದು ಟೆನೆಂಟ್‌ಗೆ ಸೇರಿದ್ದು, ಬೇರೆ ಟೆನೆಂಟ್‌ನಲ್ಲಿ ನಿಂತು ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ‘ಅಝ್ ಲಾಗಿನ್ --ಟೆನೆಂಟ್’ ಕೊಟ್ಟು ಮುಂದೆ ಸರಿಯಾದ ಟೆನೆಂಟ್ ಐಡಿ ಹಾಕಿ. ಈಗಿನ ಆವೃತ್ತಿಗಳಲ್ಲಿ ಲಾಗಿನ್ ಆದ ಕೂಡಲೇ ಸಬ್‌ಸ್ಕ್ರಿಪ್ಷನ್‌ಗಳ ಪಟ್ಟಿ ತೋರಿಸಿ ಯಾವುದು ಬೇಕು ಅಂತ ಕೇಳುತ್ತದೆ, ಅಲ್ಲಿ ಅವಸರದಲ್ಲಿ ಎಂಟರ್ ಒತ್ತಬೇಡಿ. ಆಮೇಲೆ ಬದಲಿಸಬೇಕಿದ್ದರೆ ‘ಅಝ್ ಅಕೌಂಟ್ ಸೆಟ್ --ಸಬ್‌ಸ್ಕ್ರಿಪ್ಷನ್’ ಇದೆ. ಅಡ್ಮಿನ್ ಕಮಾಂಡ್‌ಗಳಿಗೆ ಇದು ಬಹಳ ಮುಖ್ಯ, ಅವು ಆ ಹೊತ್ತಿಗೆ ಆರಿಸಿಕೊಂಡ ಸಬ್‌ಸ್ಕ್ರಿಪ್ಷನ್‌ನಲ್ಲೇ ರಿಸೋರ್ಸ್ ಗ್ರೂಪ್ ಹುಡುಕುತ್ತವೆ.

ಇಬ್ಬರ ಕೆಲಸವನ್ನೂ ದಿನಾ ಮಾಡುವವರಾದರೆ ಇನ್ನೊಂದು ದಾರಿ ಇದೆ. ಅಝ್ ತನ್ನ ಲಾಗಿನ್ ಮಾಹಿತಿಯನ್ನು ನಿಮ್ಮ ಹೋಮ್ ಫೋಲ್ಡರ್‌ನ ಒಂದು ಡೈರೆಕ್ಟರಿಯಲ್ಲಿ ಇಡುತ್ತದೆ. ‘ಅಜೂರ್ ಕಾನ್ಫಿಗ್ ಡಿರ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಆ ಜಾಗವನ್ನು ಬದಲಿಸಬಹುದು. ಮೂರು ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ, ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕು. ಒಬ್ಬೊಬ್ಬ ಕ್ಲೈಂಟ್‌ಗೆ ಒಂದೊಂದು ಡೈರೆಕ್ಟರಿ, ಒಂದೊಂದು ಟರ್ಮಿನಲ್. ಆಗ ಒಂದರ ಲಾಗಿನ್ ಇನ್ನೊಂದನ್ನು ಮುಟ್ಟುವುದಿಲ್ಲ.

ಟೆನೆಂಟ್ ಸರಿಯಿದ್ದೂ ಪಟ್ಟಿ ಬರದಿದ್ದರೆ ನಿಮ್ಮ ರೋಲ್ ತೆಗೆದಿರಬಹುದು. ಹೊರಗಿನವರ ಅನುಮತಿಯನ್ನು ಕಾಲಕಾಲಕ್ಕೆ ಪರಿಶೀಲಿಸಿ ತೆಗೆಯುವ ಕ್ಲೈಂಟ್‌ಗಳಿದ್ದಾರೆ. ‘ಅಕೌಂಟ್ ಶೋ’ದಲ್ಲಿ ಬಂದ ಟೆನೆಂಟ್ ಐಡಿ, ಪ್ರಾಜೆಕ್ಟ್ ಹೆಸರು ಮತ್ತು ಬಂದ ಎರರ್ ಸಾಲನ್ನು ಆ ಕ್ಲೈಂಟ್ ಕಡೆಯ ಅಡ್ಮಿನ್‌ಗೆ ಮಾತ್ರ ಕಳಿಸಿ, ಇಬ್ಬರೂ ಕ್ಲೈಂಟ್‌ಗಳ ಜನ ಇರುವ ಗ್ರೂಪ್‌ಗೆ ಹಾಕಬೇಡಿ. ರೋಲ್ ವಾಪಸ್ ಕೊಟ್ಟ ಮೇಲೂ ಅದು ಜಾರಿಗೆ ಬರಲು ಕೆಲವು ನಿಮಿಷ ಹಿಡಿಯಬಹುದು. ಒಮ್ಮೆ ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಿ ಲಿಸ್ಟ್ ಕೊಡಿ.